ಮೇಷ್ಟ್ರ ಕೊಟ್ಟೆಮನೆ

ಮಲೆನಾಡಿನಲ್ಲಿ ಮಳೆಗಾಲದ ತರಕಾರಿ ಬಸ್ಸಿನಲ್ಲಿ ಬರುತ್ತದೆ. ಜೂನ್ ತಿಂಗಳ ನಡುವಿಗೆ ಹಿತ್ತಲು ಮನುಷ್ಯರ ಕೈಬಿಟ್ಟು ಕೆಸುವಿನ ಸ್ವಾಧೀನಕ್ಕೆ ಹೋಗುತ್ತದೆ. ಅಲ್ಲಿಂದ ಚೌತಿಯವರೆಗೆ ಊಟವೆಂದರೆ ಕೆಸುವಿನ ಸೊಪ್ಪು, ಕಳಲೆ, ಒಂದೆಲಗ, ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಬೇಸಿಗೆಯಲ್ಲೇ ಬೆಳೆದು ಅಟ್ಟದ ತೊಲೆಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಮೊಗೆಕಾಯಿ. ಟೊಮೆಟೊ ತಿನ್ನುವ ಆಸೆಯಾದರೆ ಬಯಲುಸೀಮೆಯ ದಾರಿ ಕಾಯಬೇಕು. ಬಂದದ್ದರಲ್ಲಿ ಅರ್ಧ ಪೇಟೆಯಲ್ಲೇ ಕೊಳೆತಿರುತ್ತದೆ, ಉಳಿದರ್ಧ ಬಸ್ಸಿನಲ್ಲಿ ಜಜ್ಜಿ ಹೋಗಿರುತ್ತದೆ. ಮನೆ ತಲುಪುವಾಗ ಸಾರಿನ ಕೆಲಸ ಚೀಲದೊಳಗೇ ಶುರುವಾಗಿರುತ್ತದೆ.

ಸಾಗರದ ಕಡೆಯ ಇಂಥದೊಂದು ಹಳ್ಳಿಯಲ್ಲಿ ನಿವೃತ್ತ ವಿಜ್ಞಾನ ಮೇಷ್ಟ್ರೊಬ್ಬರು ಮನೆಯ ಹಿಂದೆ ಇಪ್ಪತ್ತಡಿ ಉದ್ದ, ಹತ್ತಡಿ ಅಗಲದ ಪಾಲಿಹೌಸ್ ಕಟ್ಟಿಕೊಂಡಿದ್ದಾರೆ. ಅವರು ಅದನ್ನು ಹಸಿರುಮನೆ ಎನ್ನುತ್ತಾರೆ. ಊರವರು ಯಾರೂ ಹಾಗೆನ್ನುವುದಿಲ್ಲ. ಪ್ಲಾಸ್ಟಿಕ್ಕಿನದು ಚೀಲವಿರಲಿ, ಹಾಳೆಯಿರಲಿ, ಆ ಸೀಮೆಯಲ್ಲಿ ಕೊಟ್ಟೆ. ಆದ್ದರಿಂದ ಇದು ಮೇಷ್ಟ್ರ ಕೊಟ್ಟೆಮನೆ.

ಮೇಷ್ಟ್ರಿಗೆ ಇದರ ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. ಮಗಳ ಬಾಣಂತನಕ್ಕೆಂದು ಹೆಂಡತಿ ಲೆಸ್ಟರಿಗೆ ಹೊರಟಾಗ ಇವರೂ ಜೊತೆಗೆ ಹೋದರು. ಬಾಣಂತನದ ಮನೆಯಲ್ಲಿ ಗಂಡಸಿಗೆ ಕೆಲಸವಿಲ್ಲ. ಒಳಗಿದ್ದರೆ ಅಡ್ಡ, ಮಾತಾಡಿದರೆ ಮಗುವಿಗೆ ಎಚ್ಚರ. ಮೇಷ್ಟ್ರು ಹಿತ್ತಲು ಸೇರಿದರು. ಅಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ, ಎಂಟಡಿಗೆ ಆರಡಿಯ ಪುಟ್ಟ ಗಾಜಿನಮನೆ. ಆ ದೇಶದಲ್ಲಿ ಸೈಕಲ್ಲು ಇಡುವ ಗೂಡಿನಷ್ಟೇ ಸಾಮಾನ್ಯವಾದದ್ದು. ಒಳಗೆ ಎರಡು ಸಾಲು ಟೊಮೆಟೊ. ಮೂಲೆಯಲ್ಲಿ ರಾಜಮರ್ಯಾದೆಯಿಂದ ಒಂದು ಕರಿಬೇವಿನ ಗಿಡ. ಊರಲ್ಲಿ ಕರಿಬೇವು ಬಚ್ಚಲ ನೀರು ಹರಿಯುವ ಕಡೆ ತಾನಾಗಿ ಹುಟ್ಟಿ, ಬೇಡವೆಂದರೂ ಬೇರಿನಿಂದ ಮರಿ ಎಬ್ಬಿಸುವ ಗಿಡ. ಲೆಸ್ಟರಿನಲ್ಲಿ ಅದಕ್ಕೆ ಚಳಿಗಾಲಕ್ಕೊಂದು ಹೀಟರು, ಗಾಜಿಗೆ ಒಳಗಿನಿಂದ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ಕಿನ ಹೊದಿಕೆ. ಒಗ್ಗರಣೆಗೆ ಎರಡೆಲೆ ಬೇಕಾದರೆ ಮಗಳು ಒಮ್ಮೆ ಯೋಚಿಸಿ, ಒಂದೇ ಎಲೆ ಚಿವುಟುತ್ತಿದ್ದಳು.

ಮೇಷ್ಟ್ರಿಗೆ ಓದಲು ಬಿಡುವೂ ಸಿಕ್ಕಿತು. ರೋಮಿನ ಟೈಬೀರಿಯಸ್ ಚಕ್ರವರ್ತಿಗೆ ದಿನವೂ ಸೌತೆಕಾಯಿ ಬೇಕಿತ್ತಂತೆ. ಅದಕ್ಕಾಗಿ ತೋಟದವರು ಗಾಲಿ ಮೇಲಿನ ಪಾತಿಗಳನ್ನು ಬಿಸಿಲಿಗೆ ತಳ್ಳಿಕೊಂಡು ಹೋಗಿ, ಚಳಿಯಲ್ಲಿ ಪಾರದರ್ಶಕ ಕಲ್ಲಿನ ಹಾಳೆಗಳ ಅಡಿಗೆ ತರುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಬ್ರಿಟನ್ನಿನಲ್ಲಿ ಗಾಜಿಗೆ ತೂಕದ ಲೆಕ್ಕದಲ್ಲಿ ತೆರಿಗೆ ಇತ್ತು. 1845ರಲ್ಲಿ ಅದು ರದ್ದಾಗಿ ಗಾಜು ಅಗ್ಗವಾಯಿತು. 1851ರ ಹೊತ್ತಿಗೆ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೆಸ್ಸನ್ನೇ ಎಬ್ಬಿಸಿ ನಿಲ್ಲಿಸಿದ. ಇದನ್ನೆಲ್ಲ ಮೇಷ್ಟ್ರು ರಾತ್ರಿ ಊಟಕ್ಕೆ ಕೂತಾಗ ಅಳಿಯನಿಗೆ ಪಾಠ ಮಾಡಿದರು. ಅಳಿಯ ಸಭ್ಯಸ್ಥ, ಮೊಸರನ್ನ ಮುಗಿಯುವವರೆಗೂ ತಲೆಯಾಡಿಸಿದ.

ಎಲ್ಲಕ್ಕಿಂತ ಅವರಿಗೆ ಹಿಡಿಸಿದ್ದು ಅಮೆರಿಕದ ಆರ್. ಡಬ್ಲ್ಯು. ವುಡ್ ಎಂಬ ಭೌತವಿಜ್ಞಾನಿ 1909ರಲ್ಲಿ ಮಾಡಿದ ಒಂದು ಸರಳ ಪ್ರಯೋಗ. ಗಾಜು ಒಳಗಿನ ಶಾಖದ ಕಿರಣಗಳನ್ನು ಹೊರಬಿಡದೆ ಹಿಡಿದಿಡುವುದರಿಂದಲೇ ಗಾಜಿನಮನೆ ಬಿಸಿಯಾಗುತ್ತದೆ ಎಂದು ಎಲ್ಲರೂ ನಂಬಿದ್ದರು. ಮೇಷ್ಟ್ರು ಕೂಡ ನಿವೃತ್ತಿಯಾಗುವವರೆಗೆ ಹಾಗೆಯೇ ಪಾಠ ಮಾಡಿದ್ದರು. ವುಡ್ ಎರಡು ಪೆಟ್ಟಿಗೆ ಮಾಡಿ, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಆ ಕಿರಣಗಳನ್ನು ಸಲೀಸಾಗಿ ಹೊರಬಿಡುವ ಕಲ್ಲುಪ್ಪಿನ ಫಲಕವನ್ನೂ ಮುಚ್ಚಿ ಬಿಸಿಲಿಗಿಟ್ಟ. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಗೆ ಬಂದವು. ಮುಖ್ಯ ಕೆಲಸ ಮಾಡುತ್ತಿದ್ದದ್ದು ಮುಚ್ಚಳ: ಒಳಗೆ ಕಾದ ಗಾಳಿ ಮೇಲೆದ್ದು ಹೋಗದಂತೆ ತಡೆಯುವುದು. ಹಾಗಿದ್ದಮೇಲೆ ಗಾಜೇ ಬೇಕೆಂದಿಲ್ಲ, ಪ್ಲಾಸ್ಟಿಕ್ ಸಾಕು ಎಂದು ಮೇಷ್ಟ್ರು ಲೆಸ್ಟರಿನಲ್ಲೇ ತೀರ್ಮಾನಿಸಿದರು.

“ಅಲ್ಲಿ ಚಳಿ, ಬಿಸಿ ಮಾಡಿಕೊಳ್ತಾರೆ. ನಮ್ಮೂರಿಗೆ ಎಂತಕ್ಕೆ ಅದು?” ಎಂದರು ಹೆಂಡತಿ.

“ಅವರದ್ದು ಚಳಿಗೆ ಕಟ್ಟಿದ ಮನೆ. ನಮ್ಮದು ಮಳೆಗೆ,” ಎಂದರು ಮೇಷ್ಟ್ರು.

ಈ ಮಾತಿನಲ್ಲಿ ಹುರುಳಿದೆ ಎಂದು ಒಪ್ಪಲೇಬೇಕು. ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್; ಆಗುಂಬೆಯಲ್ಲಿ ಸರಾಸರಿ 7,000 ಮೀರುತ್ತದೆ. ಮೇಷ್ಟ್ರ ಊರು ಆಗುಂಬೆಯಲ್ಲದಿದ್ದರೂ ಆಗುಂಬೆಯ ನೆಂಟರ ಪೈಕಿ. ಅಲ್ಲಿ ಟೊಮೆಟೊ ಗಿಡ ಸಾಯುವುದು ಚಳಿಗಲ್ಲ. ಎಲೆ ಆರಲು ಪುರುಸೊತ್ತೇ ಸಿಗದೆ ಸಾಯುತ್ತದೆ. ನಮ್ಮ ರಾಜ್ಯದ ಅತಿ ಪ್ರಸಿದ್ಧ ಗಾಜಿನಮನೆಯನ್ನೇ ನೋಡಿ. ಕ್ರಿಸ್ಟಲ್ ಪ್ಯಾಲೆಸ್ಸಿನ ಮಾದರಿಯಲ್ಲಿ 1889ರಲ್ಲಿ ಅಡಿಗಲ್ಲು ಹಾಕಿ ಕಟ್ಟಿದ ಲಾಲ್‌ಬಾಗಿನ ಗಾಜಿನಮನೆ ಬೆಂಗಳೂರಿನ ಯಾವ ಗಿಡವನ್ನೂ ಚಳಿಯಿಂದ ಕಾಪಾಡಬೇಕಾಗಿ ಬಂದಿಲ್ಲ. ಅದರ ಕೆಲಸ ಹೂವಿನ ಪ್ರದರ್ಶನಕ್ಕೆ ಸೂರಾಗಿ ನಿಲ್ಲುವುದು. ಮಲೆನಾಡಿಗಂತೂ ಬೆಳೆಗೆ ಸೂರು ಹಾಕುವುದು ಹಳೆಯ ವಿದ್ಯೆ. ಕೊಳೆರೋಗ ತಗಲದಿರಲೆಂದು ಅಡಿಕೆ ಕೊನೆಗೆ ಹಿಂದೆ ಕರಡದ ಹುಲ್ಲಿನ ಕೊಟ್ಟೆ, ಆಮೇಲೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತ ಬಂದ ಜನ ಅವರು. ಮರದ ತುದಿಗೆ ಹತ್ತಿ ಒಂದೊಂದು ಕೊನೆಗೂ ರೇನ್‌ಕೋಟು ತೊಡಿಸಿದವರು ನೆಲದ ಮೇಲಿನ ಟೊಮೆಟೊಗೆ ಹಿಂಜರಿಯುವುದೆಂದರೇನು?

ಮೊದಲ ಜಗಳ ಜಾಗದ್ದು. ಬಿಸಿಲು ಬೀಳುವ ಜಾಗವೆಲ್ಲ ಹೆಂಡತಿಯ ಡೇರೆ ಹೂವಿನದು. ಉಳಿದದ್ದು ತೋಟದ ಅಂಚು. ಅಡಿಕೆ ಮರದ ಕೆಳಗೆ ಪ್ಲಾಸ್ಟಿಕ್ ಮಾಡು ಹಾಕಬಾರದೆಂದು ಯಾವ ಪುಸ್ತಕದಲ್ಲೂ ಬರೆದಿರಲಿಕ್ಕಿಲ್ಲ, ಬರೆದವರು ಅಡಿಕೆ ಮರ ನೋಡಿರುವುದಿಲ್ಲವಲ್ಲ. ಮೂವತ್ತಡಿ ಮೇಲಿಂದ ಹಾಳೆ ಸಮೇತ ಸೋಗೆ ಕಳಚಿ ಬಿದ್ದರೆ ಹಂಚೇ ಒಡೆಯುತ್ತದೆ, ಪ್ಲಾಸ್ಟಿಕ್ಕಿನ ಪಾಡೇನು? ಇದನ್ನು ಹೇಳಿದ್ದು ಅಡಿಕೆ ಕೊನೆ ಇಳಿಸುವ ಕೊನೆಗೌಡ. ವರ್ಷವಿಡೀ ಮರದ ಮೇಲಿಂದ ಕೆಳಗೆ ನೋಡುವವನಿಗೆ ಎಲ್ಲಿ ಏನು ಬೀಳುತ್ತದೆಂಬ ಅಂದಾಜು ಎಂಜಿನಿಯರಿಗಿಂತ ಚೆನ್ನಾಗಿರುತ್ತದೆ. ಕೊನೆಗೆ ಬಾವಿಯ ಪಕ್ಕದ ಬಯಲಿನಲ್ಲಿ ಡೇರೆ ಕೊಟ್ಟೆಗಳ ಎರಡು ಸಾಲು ಹಿಂದೆ ಸರಿದು ಜಾಗ ಕೊಟ್ಟವು. ಈ ಉಪಕಾರವನ್ನು ಡೇರೆಗಳು ಮರೆಯಲಿಲ್ಲ. ಆ ಕಥೆ ಮುಂದೆ ಬರುತ್ತದೆ.

ಎರಡನೆಯದು ದುಡ್ಡಿನದು. ಪಾಲಿಹೌಸಿಗೆ ಸರ್ಕಾರದ ಶೇ. 50ರ ಸಹಾಯಧನವಿದೆ ಎಂದು ಯಾರೋ ಹೇಳಿದರು. ಇದೆ, ನಿಜ. ಆದರೆ ಅದು ಗುಂಟೆಗಟ್ಟಲೆ ಜಾಗದಲ್ಲಿ ಜರ್ಬೆರಾ, ದಪ್ಪಮೆಣಸಿನಕಾಯಿ ಬೆಳೆದು ಮಾರುವ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡ ಯೋಜನೆ. ಮೇಷ್ಟ್ರು ವಿಚಾರಿಸಲು ಹೋದ ಕಚೇರಿಯಲ್ಲಿ “ಎಷ್ಟು ಗುಂಟೆ ಸರ್?” ಎಂದು ಕೇಳಿದರು. ಗುಂಟೆಗೆ 1,089 ಚದರಡಿ, ಮೇಷ್ಟ್ರದು 200. “ಐದನೇ ಒಂದು ಭಾಗಕ್ಕೆ ಸ್ವಲ್ಪ ಕಮ್ಮಿ,” ಎಂದರು ಮೇಷ್ಟ್ರು, ಲೆಕ್ಕ ತಪ್ಪದೆ. ಎದುರಿಗಿದ್ದವರು ಪೆನ್ನಿಗೆ ಮುಚ್ಚಳ ಹಾಕಿ ಚಹಾ ತರಿಸಿದರು. ಸರ್ಕಾರದಿಂದ ಸಿಕ್ಕ ಸಹಾಯ ಅಷ್ಟೇ.

ಕಟ್ಟುವ ಕೆಲಸದಲ್ಲಿ ಮಾತ್ರ ಮೇಷ್ಟ್ರು ಜಿಪುಣತನ ಮಾಡಲಿಲ್ಲ. ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಜಿ.ಐ. ಪೈಪನ್ನು ಕಮಾನಾಗಿ ಬಗ್ಗಿಸಿ ತಂದರು. ಬುಡಕ್ಕೆ ಜಂಬಿಟ್ಟಿಗೆ ಕಲ್ಲಿನ ಕಟ್ಟೆ. ಹೊದಿಕೆಗೆ 200 ಮೈಕ್ರಾನ್ ದಪ್ಪದ ಯು.ವಿ. ಹಾಳೆ. ಇದನ್ನು ಒತ್ತಿ ಹೇಳಬೇಕು: ಅಂಗಳದಲ್ಲಿ ಅಡಿಕೆ ಮುಚ್ಚುವ ಮಾಮೂಲಿ ಪ್ಲಾಸ್ಟಿಕ್ ನೋಡಲಿಕ್ಕೆ ಹಾಗೇ ಇರುತ್ತದೆ, ಬೆಲೆಯೂ ಕಮ್ಮಿ. ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಒಂದೇ ವರ್ಷದಲ್ಲಿ ಬಿರುಸಾಗಿ, ಮುಟ್ಟಿದರೆ ಹಪ್ಪಳದ ಸದ್ದು ಮಾಡಿ ಮುರಿಯುತ್ತದೆ. ಯು.ವಿ. ಹಾಳೆ ಮೂರು ವರ್ಷಕ್ಕೆ ಮೋಸವಿಲ್ಲ. ಅದನ್ನು ಮೊಳೆ ಹೊಡೆದು ಕೂರಿಸುವಂತಿಲ್ಲ. ಪೈಪಿಗೆ ತೋಡಿರುವ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಹಾಳೆಯನ್ನು ಆ ತೋಡಿನೊಳಗೆ ಒತ್ತಿ, ಮೇಲಿಂದ ಜಿಗ್‌ಜಾಗ್ ಸ್ಪ್ರಿಂಗ್ ತುರುಕಬೇಕು. ಹಾಳೆ ಬಿಗಿಯಾಗಿಲ್ಲದಿದ್ದರೆ ಮಳೆನೀರು ಅಲ್ಲೇ ನಿಂತು ಹೊಟ್ಟೆ ಬಿಟ್ಟು, ಆ ಭಾರಕ್ಕೇ ಹರಿಯುತ್ತದೆ. ಎಳೆಯುವ ಕೆಲಸಕ್ಕೆ ಗಾಳಿಯಿಲ್ಲದ ಬೆಳಗಿನ ಹೊತ್ತು ಒಳ್ಳೆಯದು ಎಂದು ತಿಳಿದವರು ಹೇಳಿದ್ದರು. ಕೆಲಸದವರು ತಿಂಡಿ ಮುಗಿಸಿ ಬರುವಾಗ ಹತ್ತು ಗಂಟೆ. ಹಾಳೆಯ ನಾಲ್ಕು ಮೂಲೆಗೆ ನಾಲ್ವರು ನಿಂತ ಸಮಯಕ್ಕೇ ಗಾಳಿ ಬಂತು. ಇಬ್ಬರು ಕೈಬಿಟ್ಟರು, ಒಬ್ಬ ಕೂತುಬಿಟ್ಟ. ಮೇಷ್ಟ್ರು ಮಾತ್ರ ಬಿಡದೆ ಹಿಡಿದುಕೊಂಡು ಡೇರೆ ಪಾತಿಯವರೆಗೂ ಪ್ರಯಾಣ ಮಾಡಿದರು.

ನಾಲ್ಕೂ ಬದಿಗೆ ಕೀಟದ ಬಲೆ, ಪಡುವಣ ಗಾಳಿಗೆ ಬೆನ್ನು ಹಾಕಿದ ಬಾಗಿಲು, ಕಾದ ಗಾಳಿ ಹೋಗಲು ಮೇಲೊಂದು ಕಿಂಡಿ. ದಾರಿಹೋಕರು ನಿಂತು ನೋಡಿ, ಅಡಿಕೆ ಒಣಗಿಸುವ ಡ್ರೈಯರು ಎಂದರು. ಮದುವೆಗೆ ಚಪ್ಪರವೇ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು, ಮೇಷ್ಟ್ರು ಬೇರೆ ಮಲಗಲು ಶುರುಮಾಡಿದರೇ ಎಂದು ಪಕ್ಕದ ಮನೆಯಲ್ಲಿ ಮೆಲ್ಲಗೆ ವಿಚಾರಿಸಿದರಂತೆ.

ಮಳೆ ಹಿಡಿಯಿತು. ಪುನರ್ವಸು ಮಳೆ ಕೊಡಗಟ್ಟಲೆ ಸುರಿಯುವ ಹೊತ್ತಿನಲ್ಲಿ, ತಲೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು, ಕೈಯಲ್ಲಿ ನೀರಿನ ಕ್ಯಾನು ಹಿಡಿದು, ಬಾವಿಯಿಂದ ನೀರು ಸೇದಿ ಗಿಡಕ್ಕೆ ಹಾಕುವ ಮನುಷ್ಯನನ್ನು ಮಲೆನಾಡು ಅದಕ್ಕೆ ಮೊದಲು ಕಂಡಿರಲಿಲ್ಲ. ಮಾಡಿನ ಮೇಲೆ ಜಗತ್ತೇ ಕರಗಿ ಬೀಳುತ್ತಿದ್ದರೂ ಮಾಡಿನ ಕೆಳಗಿನ ಗಿಡಕ್ಕೆ ಅದರಲ್ಲಿ ಒಂದು ತೊಟ್ಟೂ ಸೇರುವುದಿಲ್ಲ. ಇದು ಮೂರನೇ ಕ್ಲಾಸಿನ ವಿಜ್ಞಾನ. ಆದರೆ ಬೇಲಿಯಾಚೆಯಿಂದ ನೋಡುವವರಿಗೆ ವಿಜ್ಞಾನ ಕಾಣುವುದಿಲ್ಲ, ಕ್ಯಾನು ಕಾಣುತ್ತದೆ. “ಮೇಷ್ಟ್ರೇ, ಮಳೆ ಸಾಕಾಗಲಿಲ್ವ ಮಾರಾಯ್ರೆ?” ಎಂದು ಕೇಳದೆ ಹೋದವರು ಕಡಿಮೆ. ಮಾಡಿನ ನೀರನ್ನು ದೋಣಿ ಕಟ್ಟಿ ಪೀಪಾಯಿಗೆ ಇಳಿಸಿಕೊಂಡ ಮೇಲೆ ಬಾವಿಯ ಪ್ರಯಾಣ ತಪ್ಪಿತು. ಊರಿನ ಪ್ರಶ್ನೆ ತಪ್ಪಲಿಲ್ಲ.

ಗಿಡಗಳು ಮೊದಲು ಚೆನ್ನಾಗಿಯೇ ಎದ್ದವು. ಆಮೇಲೆ ಒಂದು ದಿನ, ಎಲೆ ಹಸಿರಾಗಿದ್ದಂತೆಯೇ ಒಂದು ಗಿಡ ಕುತ್ತಿಗೆ ಬಗ್ಗಿಸಿತು. ಸೊರಗು ರೋಗ. ಮಲೆನಾಡಿನ ಹುಳಿಮಣ್ಣಿನಲ್ಲಿ, ತೇವದಲ್ಲಿ, ಬದನೆ–ಟೊಮೆಟೊ ಕುಲಕ್ಕೆ ಇದೇ ಯಮ. ಮೇಷ್ಟ್ರು ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕಡಿದ ಜಾಗದಿಂದ ಹಾಲಿನ ಬಣ್ಣದ ಎಳೆ ಇಳಿಯತೊಡಗಿತು, ಕಾಂಡದೊಳಗೆ ತುಂಬಿದ ಬ್ಯಾಕ್ಟೀರಿಯಾ. ರೋಗ ಪತ್ತೆಯಾದ ಖುಷಿಯಲ್ಲಿ ಗಿಡ ಸತ್ತ ದುಃಖ ಮರೆತುಹೋಯಿತು. ಲೋಟವನ್ನು ಮನೆಮಂದಿಗೆಲ್ಲ ತೋರಿಸಿ, ಹಾಲು ಕುಡಿಯುವ ಲೋಟ ಅದು ಎಂದು ಬೈಸಿಕೊಂಡರು. ಮುಂದಿನ ಸಲ ಹೊಸ ಮಣ್ಣು ತುಂಬಿದ ಕೊಟ್ಟೆಗಳಲ್ಲಿ ಅರ್ಕಾ ರಕ್ಷಕ್ ಹಾಕಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಈ ತಳಿ ಎಲೆಮುರುಟು ನಂಜು, ಸೊರಗು ರೋಗ, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ. ಬದನೆಗೆ ಕಾಡುಸುಂಡೆಯ ಬುಡ ಕಸಿ ಮಾಡಿದರು. ಸುಂಡೆಯ ಬೇರಿಗೆ ಸೊರಗು ಜಗ್ಗುವುದಿಲ್ಲ.

ಹೂ ಬಂತು, ಕಾಯಿ ಕಚ್ಚಲಿಲ್ಲ. ಟೊಮೆಟೊ ಹೂವು ಪರಾಗವನ್ನು ಸಣ್ಣ ಕೊಳವೆಯೊಳಗೆ ಬಚ್ಚಿಟ್ಟುಕೊಳ್ಳುತ್ತದೆ. ಅದು ಉದುರಲು ಗಾಳಿ ಅಲ್ಲಾಡಿಸಬೇಕು, ಇಲ್ಲವೇ ಮೈ ನಡುಗಿಸಿ ಗುಂಯ್‌ಗುಡುವ ನೀಲಿಪಟ್ಟೆಯ ಒಂಟಿ ಜೇನು ಬರಬೇಕು. ನಮ್ಮ ತುಡುವೆ ಜೇನಿಗೆ ಆ ವಿದ್ಯೆ ಬಾರದು. ಕೀಟದ ಬಲೆ ಕಟ್ಟಿದ ಮನೆಗೆ ಯಾವ ಜೇನೂ ಬಾರದು. ಬೆಂಗಳೂರಿನ ಮಗ ರಜೆಗೆ ಬಂದವನು ಬಿಟ್ಟುಹೋದ ಬ್ಯಾಟರಿ ಹಲ್ಲುಜ್ಜುವ ಬ್ರಷ್ಷು ಆಗ ಉಪಯೋಗಕ್ಕೆ ಬಂತು. ದಿನವೂ ಹನ್ನೊಂದರ ಹೊತ್ತಿಗೆ ಮೇಷ್ಟ್ರು ಒಂದೊಂದು ಗೊಂಚಲಿಗೂ ಅದನ್ನು ಮುಟ್ಟಿಸಿ ಜುಂಯ್ ಎನ್ನಿಸುತ್ತಿದ್ದರು. ಹೊರಗಿನ ದೇಶಗಳಲ್ಲಿ ಹವ್ಯಾಸಿಗಳು ಮಾಡುವುದು ಇದನ್ನೇ, ಇದರಲ್ಲಿ ನಗುವಂಥದ್ದೇನೂ ಇಲ್ಲ. ಆದರೆ ಟೊಮೆಟೊ ಗಿಡಕ್ಕೆ ಮೇಷ್ಟ್ರು ಹಲ್ಲುಜ್ಜಿಸುತ್ತಾರೆಂಬ ಸುದ್ದಿ ಹಾಲಿನ ಡೇರಿಯ ಕ್ಯೂನಲ್ಲಿ ಹುಟ್ಟಿ ಪೇಟೆ ಮುಟ್ಟಲು ಒಂದು ದಿನವೂ ಬೇಕಾಗಲಿಲ್ಲ.

ಕಾಯಿ ಕಚ್ಚಿದ ವಾರವೇ ಆಕ್ರಮಣ ಶುರುವಾಯಿತು. ಮಲೆನಾಡಿನ ಪುಷ್ಯ ಮಳೆಯಲ್ಲಿ ಒಗೆದ ಬಟ್ಟೆ ಒಣಗುವುದೆಂಬುದಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಅದು ಒದ್ದೆಯಿಂದ ಹೊಗೆವಾಸನೆಗೆ ಬಡ್ತಿ ಪಡೆಯುತ್ತದೆ, ಅಷ್ಟೇ. ಹೀಗಿರುವಾಗ ಹಿತ್ತಲಲ್ಲಿ ಇನ್ನೂರು ಚದರಡಿ ಒಣ ಜಾಗವನ್ನು ತರಕಾರಿಗೆ ಬಿಟ್ಟುಕೊಡುವುದು ಯಾವ ಗೃಹಿಣಿಯಿಂದಲೂ ಆಗದ ಮಾತು. ಮೊದಲು ರಜೆಗೆ ಬಂದ ಮೊಮ್ಮಗುವಿನ ಎರಡು ಅಂಗಿ ಬಂದವು, ಆಕ್ಷೇಪಿಸುವಂತಿರಲಿಲ್ಲ. ಆಮೇಲೆ ಟವೆಲ್ಲು. ಆಮೇಲೆ ಟೊಮೆಟೊ ಬಳ್ಳಿ ಹಬ್ಬಿಸಲು ಕಟ್ಟಿದ ತಂತಿಯ ಮೇಲೆ ಒಂಬತ್ತು ಗಜದ ಸೀರೆ.

ಮೇಷ್ಟ್ರು ವೈಜ್ಞಾನಿಕ ಆಕ್ಷೇಪಣೆ ಎತ್ತಿದರು. ಒಳಗಿನ ಗಾಳಿಯಲ್ಲಿ ತೇವ ಹೆಚ್ಚಾದರೆ ಎಲೆಗೆ ಬೂಷ್ಟು ಹಿಡಿಯುತ್ತದೆ. ಹಿಂಡಿದ ಹೊದಿಕೆಯಿಂದಲೂ ಲೀಟರುಗಟ್ಟಲೆ ನೀರು ಆವಿಯಾಗುತ್ತದೆ. ಈ ಸೀರೆ ನನ್ನ ಗಿಡಗಳನ್ನು ಕೊಲ್ಲುತ್ತದೆ.

“ನಿಮ್ಮ ಗಿಡ ಎಷ್ಟು ನೀರು ಬಿಡ್ತದೆ?” ಎಂದರು ಹೆಂಡತಿ.

ಕೇಳಬಾರದ ಪ್ರಶ್ನೆಯದು. ಗಿಡ ಬೇರಿನಿಂದ ಹೀರುವ ನೀರಿನಲ್ಲಿ ಶೇ. 95ಕ್ಕೂ ಹೆಚ್ಚು ಎಲೆಯ ಮೂಲಕ ಆವಿಯಾಗಿಯೇ ಹೋಗುತ್ತದೆ. ಇದನ್ನು ಸಾವಿರಾರು ಮಕ್ಕಳಿಗೆ ಹೇಳಿಕೊಟ್ಟ ಮೇಷ್ಟ್ರು ಸುಳ್ಳು ಹೇಳುವ ಹಾಗಿರಲಿಲ್ಲ. ಎರಡು ಕ್ಯಾನು ನೀರು ಕುಡಿದ ಗಿಡಗಳು ಸುಮಾರು ಎರಡು ಕ್ಯಾನನ್ನೂ ಅದೇ ಗಾಳಿಗೆ ಬಿಡುತ್ತಿದ್ದವು. ಸೀರೆ ಉಳಿಯಿತು. ಬದಲಿಗೆ ಮಾಡಿನ ಕಿಂಡಿ ದೊಡ್ಡದಾಯಿತು, ಒಂದು ಹಳೆಯ ಟೇಬಲ್ ಫ್ಯಾನು ಬಂತು. ಗಿಡಕ್ಕೂ ಸೀರೆಗೂ ಬೇಕಾದದ್ದು ಆಡುವ ಗಾಳಿಯೇ ಆದ್ದರಿಂದ ಇಬ್ಬರಿಗೂ ಲಾಭವಾಯಿತು. ಫ್ಯಾನು ತಿರುಗಿದ್ದು ಕರೆಂಟ್ ಇದ್ದಾಗ, ಅಂದರೆ ಅಪರೂಪಕ್ಕೆ.

ಬಟ್ಟೆಯ ಹಿಂದೆಯೇ ಡೇರೆ ಬಂತು. ಹಿಂದೆ ಸರಿದು ಜಾಗ ಬಿಟ್ಟುಕೊಟ್ಟಿದ್ದ ಆ ಎರಡು ಸಾಲು ಕೊಟ್ಟೆಗಳು, ಮಳೆಯ ಹೊಡೆತಕ್ಕೆ ದಳ ಉದುರುತ್ತವೆಂಬ ನೆಪದಲ್ಲಿ, ಒಳಗೆ ಬಂದು ಕೂತವು. ಚೌತಿಯ ಹೊತ್ತಿಗೆ ತಟ್ಟೆಯಗಲ ಅರಳಿದ ಡೇರೆ ನೋಡಲು ನೆರೆಯ ಹೆಂಗಸರು ಬಂದು, ಗೆಡ್ಡೆ ಮಾತಾಡಿಕೊಂಡು ಹೋದರು. ಟೊಮೆಟೊ ಕಡೆ ಯಾರೂ ನೋಡಲಿಲ್ಲ. ತೋಟದಲ್ಲಿ ಉದುರಿದ ಅಡಿಕೆ ಗೋಣಿಯ ಮೇಲೆ ಹರಡಿಕೊಂಡಿತು. ಒಣ ಸೌದೆ ನಾಲ್ಕು ಕಟ್ಟು ಬಂತು. ಬೆಕ್ಕು, ಕೊತ್ತಂಬರಿ ಬಿತ್ತಿದ ಮಡಿಯೇ ಮಲಗಲು ಮೆತ್ತಗಿದೆ ಎಂದು ಕಂಡುಕೊಂಡಿತು.

ಮಳೆ ಬಿಟ್ಟಮೇಲೆ ಮಂಗಗಳ ಸರದಿ. ಮಲೆನಾಡಿನ ಮಂಗನ ಕಾಟ ಸಣ್ಣ ವಿಷಯವಲ್ಲ. ಅವಕ್ಕೊಂದು ಪ್ರತ್ಯೇಕ ಪಾರ್ಕು ಮಾಡುವ ಮಾತು ವಿಧಾನಸೌಧದವರೆಗೂ ಹೋಗಿತ್ತು. ಈ ಮಂಗಗಳು ಟೊಮೆಟೊಗೆ ಬರಲಿಲ್ಲ. ಕಮಾನಿನ ಮಾಡು ಜಾರುಬಂಡಿಗೆ ಹೇಳಿ ಮಾಡಿಸಿದಂತಿದೆ ಎಂದು ಒಂದು ಮರಿ ಪತ್ತೆ ಮಾಡಿತು. ಆಮೇಲೆ ಇಡೀ ಹಿಂಡು ಸಾಲಾಗಿ ಹತ್ತಿ ಜಾರಿತು. ಮೂರು ವರ್ಷದ ಬಾಳಿಕೆ ಎಂದು ಅಂಗಡಿಯವರು ಹೇಳಿದ್ದು ಬಿಸಿಲಿನ ಲೆಕ್ಕ, ಅದರಲ್ಲಿ ಉಗುರಿನ ಲೆಕ್ಕ ಸೇರಿರಲಿಲ್ಲ. ಮೇಲೊಂದು ಹಳೆಯ ಮೀನಿನ ಬಲೆ ಹೊದಿಸಿದ ಮೇಲೆ ಜಾರುವ ಸುಖ ಹೋಗಿ ಅವು ಬೇರೆ ಮನೆ ನೋಡಿಕೊಂಡವು.

ಬೇಸಿಗೆಯಲ್ಲಿ ವುಡ್ ಸಾಹೇಬರ ಸಿದ್ಧಾಂತ ನಿಜವಾಯಿತು. ಮಾರ್ಚಿನ ಒಂದು ಮಧ್ಯಾಹ್ನ ಒಳಗಿನ ಥರ್ಮಾಮೀಟರ್ 46 ಡಿಗ್ರಿ ತೋರಿಸಿತು. ಹಗಲಿನ ಬಿಸಿ 35 ಡಿಗ್ರಿ ದಾಟಿದರೆ ಟೊಮೆಟೊ ಪರಾಗ ಕೆಲಸಕ್ಕೆ ಬಾರದು. ಹೂ ಉದುರುತ್ತದೆ, ಬ್ರಷ್ಷು ಹಿಡಿದು ಪ್ರಯೋಜನವಿಲ್ಲ. ಗಿಡ ಬೇಕೆನ್ನುವವರು ಈ ಕಾಲದಲ್ಲಿ ಪ್ಲಾಸ್ಟಿಕ್ ಸುತ್ತಿಟ್ಟು ಅರ್ಧ ಬಿಸಿಲು ತಡೆಯುವ ಶೇಡ್ ನೆಟ್ ಹೊದಿಸಬೇಕು. ಮೇಷ್ಟ್ರು ಏಣಿ ತಂದರು. ಹೆಂಡತಿ ತಡೆದರು. ಹಲಸಿನಕಾಯಿ ಬಂದಿತ್ತು, ಹಪ್ಪಳ ಒಣಗಿಸಬೇಕಿತ್ತು. ಒಳಗೆ ಧೂಳಿಲ್ಲ, ಕಾಗೆಯಿಲ್ಲ, ಸಂಜೆ ಗುಡುಗಿದರೆ ಚಾಪೆ ಎತ್ತಿಕೊಂಡು ಓಡುವುದಿಲ್ಲ. ಹೊರಗೆ ಎರಡು ದಿನ ಬೇಡುವ ಹಪ್ಪಳ ಆ 46 ಡಿಗ್ರಿಯಲ್ಲಿ ಸಂಜೆಗೇ ಗರಿಗರಿಯಾಗಿ ಎದ್ದಿತು. ಪಕ್ಕದ ಮನೆಯವರೂ ಒಂದು ಮೂಲೆ ಕೇಳಿಕೊಂಡರು. ಆ ಬೇಸಿಗೆಯಲ್ಲಿ ಕೊಟ್ಟೆಮನೆಯಿಂದ ಹೊರಬಿದ್ದ ಹಪ್ಪಳದ ಲೆಕ್ಕ ಇಟ್ಟವರಿಲ್ಲ. ಟೊಮೆಟೊದ ಲೆಕ್ಕವನ್ನು ಮೇಷ್ಟ್ರು ಡೈರಿಯಲ್ಲಿ ಬರೆದಿಟ್ಟಿದ್ದಾರೆ, ಯಾರಿಗೂ ತೋರಿಸುವುದಿಲ್ಲ.

ಆದರೂ ಆಷಾಢದಲ್ಲಿ ಸ್ವಂತ ಹಿತ್ತಲಿನ ಟೊಮೆಟೊ ಹಾಕಿ ಮಾಡಿದ ಸಾರು ಆ ಮನೆಯಲ್ಲಿ ಈಗ ಹೊಸ ಸಂಗತಿಯಲ್ಲ. ಮೇಷ್ಟ್ರನ್ನು ನೋಡಿ ಊರಿನಲ್ಲಿ ಇನ್ನೂ ಎರಡು ಕೊಟ್ಟೆಮನೆ ಎದ್ದಿವೆ. ಎರಡರಲ್ಲೂ ಗಿಡಕ್ಕಿಂತ ಮೊದಲು ಬಟ್ಟೆ ಹಗ್ಗ ಬಂತಂತೆ.

ಕಟ್ಟುವ ಮನಸ್ಸಿರುವ ಮಲೆನಾಡಿನವರು ಮೇ ತಿಂಗಳೊಳಗೆ ಕೆಲಸ ಮುಗಿಸಿ. ರೋಹಿಣಿ ಮಳೆ ಬಿದ್ದಮೇಲೆ ಹಾಳೆ ಎಳೆಯಲು ಹೋಗಬೇಡಿ. ಅಳತೆ ಎಷ್ಟು ಸಾಕೆನಿಸುತ್ತದೋ ಅದರ ಎರಡರಷ್ಟು ಕಟ್ಟಿ. ಬಟ್ಟೆ ಹಗ್ಗದ ಕೊಕ್ಕೆಗಳನ್ನು ವೆಲ್ಡಿಂಗ್ ಅಂಗಡಿಯಲ್ಲೇ ಹಾಕಿಸಿ, ಬೆಸೆದ ಜಾಗಕ್ಕೆ ಬಣ್ಣ ಹೊಡೆಸಿಕೊಂಡು ಬನ್ನಿ. ಆಮೇಲೆ ಮನೆಯಲ್ಲಿ ಪೈಪಿಗೆ ತೂತು ಕೊರೆದರೆ ಸತುವಿನ ಲೇಪ ಹೋಗಿ ತುಕ್ಕು ಹಿಡಿಯುತ್ತದೆ.